ಹತ್ತೊಂಬತ್ತರ ಹರೆಯದಲ್ಲಿ ಸ್ಕೂಲ್ ಬೋರ್ಡ್‌ಗೆ ಸ್ಪರ್ಧೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಹೆಚ್ಚಿನ ಪತ್ರಗಳು ಕ್ಯಾಲಿಫೋರ್ನಿಯಾದವಾದ್ದರಿಂದ ಉತ್ತರಗಳೂ ಅಲ್ಲಿನ ನಿಯಮದ ಪ್ರಕಾರವೇ ಇವೆ. ಬೇರೆ ರಾಜ್ಯದವರು ತಾರೀಖು ಮತ್ತು ಫಾರ್ಮ್‌ಗಳನ್ನು ತಮ್ಮ ಕೌಂಟಿಯ (ಅಲ್ಲಿನ ಜಿಲ್ಲೆಯ) ಚುನಾವಣಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮೊಮ್ಮಗಳಿಗೆ 19 ವರ್ಷ. ಸ್ಕೂಲ್ ಬೋರ್ಡ್‌ಗೆ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. ಇದು ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಥರವೇ? ಖರ್ಚಿಗೆ ಸ್ವಲ್ಪ ಹಣ ಕಳಿಸೋಣ ಅಂತಿದ್ದೇನೆ.
(ಓದುಗರು, ಮೈಸೂರು)

ಉತ್ತರ: ಹಣದ ಮಾತು ಮೊದಲು. ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಮೆರಿಕದ ಪ್ರಜೆಯೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ಯಾರೂ ಅಲ್ಲಿನ ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಇದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು, ಸ್ಕೂಲ್ ಬೋರ್ಡ್‌ನಂಥ ಸಣ್ಣ ಚುನಾವಣೆಗೂ ವಿನಾಯಿತಿ ಇಲ್ಲ. ಮಗನ ಖಾತೆಗೆ ಹಾಕಿ ಅವನ ಹೆಸರಲ್ಲಿ ಕೊಡಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಇನ್ನೊಬ್ಬರ ಹೆಸರಿನಲ್ಲಿ ದೇಣಿಗೆ ಕೊಡುವುದೇ ಅಪರಾಧ. ನೀವು ಪ್ರೀತಿಯಿಂದ ಕೊಟ್ಟಿದ್ದು ಮೊಮ್ಮಗಳ ತಲೆಗೆ ಸುತ್ತಿಕೊಳ್ಳುತ್ತದೆ. ಹುಟ್ಟುಹಬ್ಬದ ಉಡುಗೊರೆ ಕಳಿಸುವುದಿದ್ದರೂ ಚುನಾವಣೆ ಮುಗಿದ ಮೇಲೆ ಕಳಿಸಿ, ಲೆಕ್ಕ ಕೇಳುವವರಿಗೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಇನ್ನು ಎಸ್‌ಡಿಎಂಸಿಯ ಮಾತು. ಎಸ್‌ಡಿಎಂಸಿ ನೋಡಿಕೊಳ್ಳುವುದು ಒಂದು ಶಾಲೆಯನ್ನು, ಅದರಲ್ಲಿ ಹೆಚ್ಚಿನವರು ಆ ಶಾಲೆಯ ಮಕ್ಕಳ ತಂದೆ ತಾಯಿ. ಸ್ಕೂಲ್ ಬೋರ್ಡ್ ಕೈಯಲ್ಲಿ ಇಡೀ ಸ್ಕೂಲ್ ಡಿಸ್ಟ್ರಿಕ್ಟ್‌ನ (ಶಾಲೆಗಳ ಆಡಳಿತಕ್ಕೆಂದೇ ಗುರುತಿಸಿದ ಪ್ರದೇಶ, ನಮ್ಮ ಜಿಲ್ಲೆಯಂಥದ್ದಲ್ಲ) ಸರ್ಕಾರಿ ಶಾಲೆಗಳಿರುತ್ತವೆ. ಸಾಮಾನ್ಯವಾಗಿ 5 ಅಥವಾ 7 ಸದಸ್ಯರು, 4 ವರ್ಷದ ಅವಧಿ. ಮಕ್ಕಳಿರಲಿ ಇಲ್ಲದಿರಲಿ, ಆ ಪ್ರದೇಶದ ಮತದಾರರೆಲ್ಲ ಓಟು ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರು ಇರುವುದಿಲ್ಲ. ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿಯನ್ನು ನೇಮಿಸುವುದು, ಬಜೆಟ್‌ಗೆ ಒಪ್ಪಿಗೆ ಕೊಡುವುದು, ನೀತಿ ನಿಯಮ ಮಾಡುವುದು, ಶಿಕ್ಷಕರ ಸಂಘದ ಜೊತೆಗಿನ ಒಪ್ಪಂದಕ್ಕೆ ಮುದ್ರೆ ಒತ್ತುವುದು ಬೋರ್ಡ್‌ನ ಕೆಲಸ. 18 ತುಂಬಿ, ಆ ಡಿಸ್ಟ್ರಿಕ್ಟ್‌ನಲ್ಲೇ ವಾಸವಿದ್ದು, ಅಲ್ಲೇ ಮತದಾರರಾಗಿ ನೋಂದಾಯಿಸಿಕೊಂಡಿದ್ದರೆ ನಿಲ್ಲಬಹುದು. ಹಾಗಾಗಿ 19 ಕಾನೂನಿಗೆ ಅಡ್ಡಿಯಾಗುವ ವಯಸ್ಸಲ್ಲ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಹೆಂಡತಿಗೆ ಗ್ರೀನ್ ಕಾರ್ಡ್ ಇದೆ. ಸ್ನೇಹಿತರ ಮಗ ನಿಂತಿದ್ದಾನೆ. ನಾವು ಏನೇನು ಮಾಡಬಹುದು?
(ಓದುಗರು, ಸ್ಯಾನ್ ಹೋಸೆ)

ಉತ್ತರ: ನಿಮ್ಮ ಹೆಂಡತಿ ತಮ್ಮ ಸ್ವಂತ ದುಡ್ಡಿನಿಂದ ದೇಣಿಗೆ ಕೊಡಬಹುದು. ನೀವು ಕೊಡುವಂತಿಲ್ಲ. ಜಂಟಿ ಖಾತೆಯ ಚೆಕ್ ಆದರೆ ಅವರದೇ ಸಹಿ ಇರಲಿ; ಅದಕ್ಕಿಂತ ಅವರೊಬ್ಬರ ಖಾತೆಯಿಂದಲೇ ಕೊಡುವುದು ಒಳ್ಳೆಯದು. ಸಂಬಳವಿಲ್ಲದ ಸೇವೆಗೆ ನಿಮಗೆ ಅಡ್ಡಿಯಿಲ್ಲ. ಮನೆಮನೆಗೆ ಹೋಗಬಹುದು, ಫೋನ್ ಮಾಡಬಹುದು, ಲಕೋಟೆಗೆ ಸ್ಟಾಂಪ್ ಅಂಟಿಸಬಹುದು. ಆದರೆ ಹಣ ಹೇಗೆ ಎತ್ತಬೇಕು, ಯಾವುದಕ್ಕೆ ಖರ್ಚು ಮಾಡಬೇಕು ಎಂದು ತೀರ್ಮಾನಿಸುವ ಮಾತುಕತೆಯಲ್ಲಿ ಕೂರಬೇಡಿ. ಬಹಳ ಜನ ಎಡವುವುದು ಸಣ್ಣ ವಿಷಯಗಳಲ್ಲಿ. ಕರಪತ್ರ ಖಾಲಿಯಾಯಿತೆಂದು ನಿಮ್ಮ ಕಾರ್ಡ್‌ನಿಂದ 500 ಪ್ರತಿ ಮುದ್ರಿಸಿ ತಂದರೆ, ಸ್ವಯಂಸೇವಕರಿಗೆಂದು ಪಿಜ್ಜಾ ತರಿಸಿದರೆ, ಅದೂ ದೇಣಿಗೆಯೇ.

ಇನ್ನೊಂದು ಎಚ್ಚರಿಕೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರಜೆಗಳಲ್ಲದ ಪೋಷಕರೂ ಸ್ಕೂಲ್ ಬೋರ್ಡ್‌ಗೆ ಮತ ಹಾಕಬಹುದೆಂದು 2016ರಲ್ಲಿ ಮತದಾರರು ಒಪ್ಪಿದ್ದರು. ಅದನ್ನು ಕೇಳಿ ಬೇರೆ ಊರಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಬೇಡಿ. ಡಿಎಂವಿ (ನಮ್ಮ ಆರ್‌ಟಿಒ ಥರದ) ಕಚೇರಿಯ ಅರ್ಜಿಯಲ್ಲಿ ಕೈತಪ್ಪಿ ಹಾಕಿದ ಒಂದು ಗುರುತು ಮುಂದೆ ಪೌರತ್ವದ ಅರ್ಜಿಗೇ ಕುತ್ತು ತರಬಹುದು.

ಪ್ರಶ್ನೆ: ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಹುಡುಗನನ್ನು ವೇದಿಕೆಗೆ ಕರೆದು ಬೆಂಬಲ ಘೋಷಿಸಬಹುದೇ?
(ಓದುಗರು, ಫ್ರೀಮಾಂಟ್)

ಉತ್ತರ: ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆಯಾಗಿ ನೋಂದಣಿಯಾಗಿದ್ದರೆ ಖಂಡಿತ ಕೂಡದು. ದೇವಸ್ಥಾನಕ್ಕೂ ಪಿಟಿಎಗೂ ಇದೇ ನಿಯಮ. ಇಂಥ ಸಂಸ್ಥೆ ಅಭ್ಯರ್ಥಿಯ ಪರವಾಗಿ ಹೇಳಿಕೆ ಕೊಟ್ಟರೆ, ತನ್ನ ಇಮೇಲ್ ಪಟ್ಟಿಯನ್ನು ಪುಕ್ಕಟೆ ಹಂಚಿಕೊಂಡರೆ, ತೆರಿಗೆ ವಿನಾಯಿತಿಗೇ ಸಂಚಕಾರ. ಆ ಸೀಟಿಗೆ ನಿಂತ ಎಲ್ಲ ಅಭ್ಯರ್ಥಿಗಳನ್ನೂ ಕರೆದು, ಎಲ್ಲರಿಗೂ ಅವೇ ಪ್ರಶ್ನೆ, ಅಷ್ಟೇ ಸಮಯ ಕೊಟ್ಟು ಸಂವಾದ ನಡೆಸಬಹುದು. ಹಾಗೆ ನಡೆಸಿದರೆ ಹುಡುಗನಿಗೂ ಒಳ್ಳೆಯದೇ. ಕೂಟದ ಪದಾಧಿಕಾರಿಗಳು ವೈಯಕ್ತಿಕವಾಗಿ ತಮ್ಮ ಮನೆಯಲ್ಲಿ ಸಭೆ ಕರೆಯಲು ಅಡ್ಡಿಯಿಲ್ಲ, ಅಲ್ಲಿ ಕೂಟದ ಬ್ಯಾನರ್ ಇರಬಾರದು ಅಷ್ಟೆ.

ಪ್ರಶ್ನೆ: ನಾಮಪತ್ರ ಸಲ್ಲಿಸುವ ಕ್ರಮ ಏನು? ಠೇವಣಿ ಎಷ್ಟು? ಮಗಳು ಬೇರೆ ಊರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ.
(ಒಬ್ಬ ತಾಯಿ, ಡಬ್ಲಿನ್, ಕ್ಯಾಲಿಫೋರ್ನಿಯಾ)

ಉತ್ತರ: ಮೊದಲು ಸೀಟು ಖಾಲಿಯಾಗುತ್ತಿದೆಯೇ ನೋಡಿ. ಎಲ್ಲ ಸೀಟುಗಳಿಗೂ ಒಟ್ಟಿಗೆ ಚುನಾವಣೆ ನಡೆಯುವುದಿಲ್ಲ, 2 ವರ್ಷಕ್ಕೊಮ್ಮೆ ಸರಿಸುಮಾರು ಅರ್ಧ ಸೀಟುಗಳು ಬರುತ್ತವೆ. ಈಗ ಬಹಳಷ್ಟು ಡಿಸ್ಟ್ರಿಕ್ಟ್‌ಗಳನ್ನು ಟ್ರಸ್ಟಿ ಏರಿಯಾಗಳಾಗಿ ಹಂಚಿದ್ದಾರೆ, ನಮ್ಮ ವಾರ್ಡ್‌ಗಳ ಹಾಗೆ. ನಿಮ್ಮ ಏರಿಯಾದ ಸೀಟು ಈ ವರ್ಷ ಬರದಿದ್ದರೆ ಪಕ್ಕದ ಏರಿಯಾಕ್ಕೆ ನಿಲ್ಲಲಾಗದು. ಕೌಂಟಿ ಕಚೇರಿಗೆ ವಿಳಾಸ ಕೊಟ್ಟರೆ ಯಾವ ಏರಿಯಾ ಎಂದು ಹೇಳುತ್ತಾರೆ.

2026ರ ನವೆಂಬರ್ 3ರ ಚುನಾವಣೆಗೆ ನಾಮಪತ್ರದ ಅವಧಿ ಜುಲೈ 13ರಿಂದ ಆಗಸ್ಟ್ 7ರವರೆಗೆ. ಈಗಿರುವ ಸದಸ್ಯರು ಮತ್ತೆ ನಿಲ್ಲದಿದ್ದರೆ ಉಳಿದವರಿಗೆ ಆಗಸ್ಟ್ 12ರವರೆಗೆ ಅವಕಾಶ ಸಿಗುತ್ತದೆ. ಕೊನೆಯ ದಿನ ಮಧ್ಯಾಹ್ನದವರೆಗೂ ಕಾದು ಎದುರಾಳಿ ಯಾರೆಂದು ನೋಡುವ ಚಾಣಾಕ್ಷತನ ಹೊಸಬರಿಗೆ ಬೇಡ. ಒಂದು ಕಾಗದ ತಪ್ಪಿದ್ದರೆ ಸರಿಪಡಿಸಲು ಹೊತ್ತೇ ಉಳಿಯುವುದಿಲ್ಲ. ಮೊದಲ ವಾರದಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಲಿ. ಸಾಮಾನ್ಯವಾಗಿ ಠೇವಣಿಯೂ ಇಲ್ಲ, ಸೂಚಕರ ಸಹಿಗಳೂ ಬೇಕಿಲ್ಲ. ಲಾಸ್ ಏಂಜಲೀಸ್‌ನಂಥ ಕೆಲವು ನಗರಗಳ ನಿಯಮ ಬೇರೆ. ಸಲ್ಲಿಸಬೇಕಾದ್ದು ಉಮೇದುವಾರಿಕೆಯ ಘೋಷಣೆ, ಆಸ್ತಿ ಮತ್ತು ಆದಾಯದ ಹಿತಾಸಕ್ತಿ ತಿಳಿಸುವ ಫಾರ್ಮ್ 700, ಮತಪತ್ರದಲ್ಲಿ ಹೆಸರಿನ ಕೆಳಗೆ ಬರುವ ವೃತ್ತಿಯ ವಿವರ, ಮತ್ತು ಬೇಕಿದ್ದರೆ ಅಭ್ಯರ್ಥಿಯ ಹೇಳಿಕೆ. ವೃತ್ತಿಯ ವಿವರ ಮೂರು ಪದ ಮೀರಬಾರದು, ನಿಜವಾಗಿ ಮಾಡುತ್ತಿರುವ ಕೆಲಸವೇ ಆಗಿರಬೇಕು. ವಾರಕ್ಕೆ ಒಂದು ಗಂಟೆ ಪಾಠ ಹೇಳಿಕೊಟ್ಟು ‘ಶಿಕ್ಷಕಿ’ ಎಂದು ಬರೆದರೆ ಎದುರಾಳಿ ಕೋರ್ಟಿಗೆ ಹೋಗಬಹುದು.

ಕಾಲೇಜಿನ ವಿಷಯ ತುಸು ಗಂಭೀರ. ಹಾಸ್ಟೆಲ್ ವಿಳಾಸದಲ್ಲಿ ಮತದಾರಳಾಗಿ ನೋಂದಾಯಿಸಿಕೊಂಡಿದ್ದರೆ ನಾಮಪತ್ರ ತೆಗೆದುಕೊಳ್ಳುವ ಮೊದಲೇ ಮನೆ ವಿಳಾಸಕ್ಕೆ ಬದಲಾಯಿಸಬೇಕು. ಅದಕ್ಕೂ ಮುಖ್ಯವಾದದ್ದು, ಗೆದ್ದರೆ 4 ವರ್ಷ ಇಲ್ಲೇ ವಾಸವಿರಬೇಕು. ತಿಂಗಳಿಗೆ ಎರಡು ಸಭೆ, ಒಂದೊಂದೂ ರಾತ್ರಿ ಹತ್ತು ದಾಟುವುದುಂಟು, ಪ್ರತಿ ಸಭೆಗೆ ನೂರಾರು ಪುಟದ ಕಡತ. 400 ಮೈಲಿ ದೂರದ ಕಾಲೇಜಿನಿಂದ ಇದು ಆಗುವ ಮಾತಲ್ಲ. ಮಗಳು ಹತ್ತಿರದ ಕಾಲೇಜಿಗೆ ಬರುವ ಯೋಚನೆ ಇಲ್ಲದಿದ್ದರೆ ಈ ಸಲ ನಿಲ್ಲುವುದು ಬೇಡ ಎಂದೇ ನಮ್ಮ ಸಲಹೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು: ಒಂದು ಸೀಟಿಗೆ ಒಬ್ಬರೇ ನಾಮಪತ್ರ ಹಾಕಿದ್ದರೆ ಚುನಾವಣೆ ನಡೆಸದೆ ಅವರನ್ನೇ ಆ ಸ್ಥಾನಕ್ಕೆ ನೇಮಿಸುತ್ತಾರೆ. ಸಣ್ಣ ಡಿಸ್ಟ್ರಿಕ್ಟ್‌ಗಳಲ್ಲಿ ಇದು ಅಪರೂಪವೇನಲ್ಲ.

ಪ್ರಶ್ನೆ: 200 ಪದಗಳ ಹೇಳಿಕೆಗೆ ಕೌಂಟಿಯವರು ದುಡ್ಡು ಕೇಳುತ್ತಿದ್ದಾರೆ. ಕೊಡಲೇಬೇಕೇ? ಏನು ಬರೆಯಬೇಕು?
(ಅಭ್ಯರ್ಥಿ, 21 ವರ್ಷ)

ಉತ್ತರ: ಹೇಳಿಕೆ ಕಡ್ಡಾಯವಲ್ಲ. ಆದರೂ ಒಂದಕ್ಕೇ ಖರ್ಚು ಮಾಡುವಷ್ಟು ಹಣವಿದ್ದರೆ ಇದಕ್ಕೇ ಮಾಡಿ. ಮತದಾರರ ಮಾರ್ಗದರ್ಶಿ ಪುಸ್ತಕದಲ್ಲಿ ಅಚ್ಚಾಗಿ ಮನೆಮನೆಗೆ ಹೋಗುವುದು ಇದೊಂದೇ. ಮತದಾರರ ಸಂಖ್ಯೆಯ ಮೇಲೆ ದರ ನಿಂತಿದೆ, ದೊಡ್ಡ ಡಿಸ್ಟ್ರಿಕ್ಟ್‌ಗಳಲ್ಲಿ ಸಾವಿರಾರು ಡಾಲರ್ ಆಗುತ್ತದೆ. ಆಸ್ತಿಪಾಸ್ತಿ ಇಲ್ಲದ ಅಭ್ಯರ್ಥಿಗೆ ಮುಂಗಡದಿಂದ ವಿನಾಯಿತಿ ಕೇಳುವ ಅವಕಾಶ ಇದೆ, ಕೌಂಟರಿನಲ್ಲಿ ವಿಚಾರಿಸಿ. ನಾಮಪತ್ರದ ಜೊತೆಗೇ ಇದನ್ನು ಕೊಡಬೇಕು. ಆಮೇಲೆ ಒಂದು ಅಕ್ಷರ ತಿದ್ದಲೂ ಬಿಡುವುದಿಲ್ಲ. ಅವಧಿ ಮುಗಿದ ನಂತರದ ಮೊದಲ ಕೆಲಸದ ದಿನ ಸಂಜೆ 5ರೊಳಗೆ ಪೂರ್ತಿ ಹಿಂತೆಗೆದುಕೊಳ್ಳಬಹುದು, ಅಷ್ಟೆ. ಎದುರಾಳಿಯ ಪ್ರಸ್ತಾಪವನ್ನಾಗಲಿ ಪಕ್ಷದ ಹೆಸರನ್ನಾಗಲಿ ತರುವಂತಿಲ್ಲ.

‘ಮಕ್ಕಳ ಉಜ್ವಲ ಭವಿಷ್ಯಕ್ಕಾಗಿ ದುಡಿಯುತ್ತೇನೆ’ ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಬಳಿ ಬೇರೆಯವರಲ್ಲಿ ಇಲ್ಲದ ಒಂದು ಬಂಡವಾಳವಿದೆ: ‘ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿಯವರೆಗೆ 13 ವರ್ಷ ಇದೇ ಡಿಸ್ಟ್ರಿಕ್ಟ್‌ನಲ್ಲಿ ಓದಿದ್ದೇನೆ.’ ಇದೇ ಮೊದಲ ಸಾಲಾಗಲಿ. ಎರಡನೆಯದು, ನೀವು ಕಣ್ಣಾರೆ ಕಂಡ ಒಂದು ಕೊರತೆ. ಕಾಲೇಜಿನ ಅರ್ಜಿ ಹಾಕುವ ತಿಂಗಳಲ್ಲಿ ಕೌನ್ಸೆಲರ್ ಭೇಟಿಗೆ ಎಷ್ಟು ದಿನ ಕಾಯಬೇಕಾಯಿತು ಎಂಬಂಥದ್ದು. ಮೂರನೆಯದು, ಅದಕ್ಕೆ ಬೋರ್ಡ್ ಏನು ಮಾಡಬಹುದು ಎಂಬ ಒಂದು ಹೆಜ್ಜೆ. ಉಳಿದ ಪದಗಳನ್ನು ನಿಮ್ಮನ್ನು ಬೆಂಬಲಿಸುವ, ಊರಿಗೆ ಪರಿಚಯವಿರುವ ನಾಲ್ಕಾರು ಜನರ ಹೆಸರಿಗೆ ಇಡಿ, ಅವರಿಂದ ಲಿಖಿತ ಒಪ್ಪಿಗೆ ಪಡೆದು. ಬೋರ್ಡ್ ಕೈಯಲ್ಲಿ ಇಲ್ಲದ್ದನ್ನು ಮಾತ್ರ ಭರವಸೆ ಕೊಡಬೇಡಿ. ಹೈಸ್ಕೂಲ್ 8:30ಕ್ಕಿಂತ ಮುಂಚೆ ಶುರುವಾಗಬಾರದೆಂಬುದು 2022ರ ಜುಲೈಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು, ಹಳ್ಳಿಗಾಡಿನ ಕೆಲವು ಡಿಸ್ಟ್ರಿಕ್ಟ್‌ಗಳಿಗಷ್ಟೇ ವಿನಾಯಿತಿ. ಬೆಳಿಗ್ಗೆ ಬೇಗ ಶುರುಮಾಡಿಸುತ್ತೇನೆ ಎಂದು ಬರೆದವರ ಅಜ್ಞಾನ ಆ ಒಂದು ಸಾಲಿನಲ್ಲೇ ಬಯಲಾಗುತ್ತದೆ.

ಪ್ರಶ್ನೆ: ದೇಣಿಗೆಯ ಲೆಕ್ಕ ಇಡುವುದು ಹೇಗೆ?
(ಖಜಾಂಚಿಯಾಗಲು ಒಪ್ಪಿಕೊಂಡಿರುವ ಅಣ್ಣ)

ಉತ್ತರ: ತಂಗಿ ಒಂದು ಡಾಲರ್ ಕೇಳುವ ಮುಂಚೆ ಫಾರ್ಮ್ 501 (ಸ್ಪರ್ಧಿಸುವ ಉದ್ದೇಶದ ಹೇಳಿಕೆ) ಸಲ್ಲಿಸಿರಬೇಕು. ಬಂದದ್ದೂ ಖರ್ಚಾದದ್ದೂ ವರ್ಷಕ್ಕೆ 2,000 ಡಾಲರ್ ಒಳಗೇ ಇರುತ್ತದೆಂದಾದರೆ ಫಾರ್ಮ್ 470 ಸಾಕು. ದೇಣಿಗೆ 2,000 ಮುಟ್ಟಿದರೆ 10 ದಿನದೊಳಗೆ ಫಾರ್ಮ್ 410 ತುಂಬಿ ಪ್ರಚಾರ ಸಮಿತಿ ನೋಂದಾಯಿಸಬೇಕು, ವರ್ಷಕ್ಕೆ 50 ಡಾಲರ್ ಶುಲ್ಕ. ಆಮೇಲೆ ನಿಗದಿತ ತಾರೀಖುಗಳಿಗೆ ಜಮಾ-ಖರ್ಚಿನ ವರದಿಯಾದ ಫಾರ್ಮ್ 460. ಅಭ್ಯರ್ಥಿ ಸ್ವಂತ ದುಡ್ಡಿನಿಂದ ಕಟ್ಟಿದ ಹೇಳಿಕೆಯ ಶುಲ್ಕ ಆ 2,000ದ ಲೆಕ್ಕಕ್ಕೆ ಸೇರುವುದಿಲ್ಲ.

ಯಾರಾದರೂ ಒಟ್ಟು 100 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಹೆಸರು, ವಿಳಾಸ, ಉದ್ಯೋಗ, ಉದ್ಯೋಗದಾತರ ಹೆಸರು ನಾಲ್ಕೂ ವರದಿಯಲ್ಲಿ ಬರಬೇಕು. ಒಬ್ಬರು ಮೂರು ಸಲ 40 ಕೊಟ್ಟರೂ 120 ಆಯಿತು. ಹಾಗಾಗಿ 25 ಕೊಟ್ಟವರ ವಿವರವನ್ನೂ ಮೊದಲ ದಿನವೇ ಬರೆಸಿಕೊಳ್ಳಿ. 100 ಮತ್ತು ಮೇಲ್ಪಟ್ಟ ನಗದು ಮುಟ್ಟಲೇಬೇಡಿ. ಪ್ರಚಾರಕ್ಕೆ ಒಂದೇ ಬ್ಯಾಂಕ್ ಖಾತೆ, ತಂಗಿಯ ಸ್ವಂತ ದುಡ್ಡೂ ಮೊದಲು ಅದರೊಳಗೆ ಬಂದು ಆಮೇಲೆ ಖರ್ಚಾಗಲಿ. ಚುನಾವಣೆಗೆ 90 ದಿನ ಉಳಿದ ಮೇಲೆ ಒಬ್ಬರಿಂದ 1,000 ಬಂದರೆ 24 ಗಂಟೆಯಲ್ಲಿ ಫಾರ್ಮ್ 497. ಹೊಸಬರು ಮರೆಯುವುದೂ ದಂಡ ಕಟ್ಟುವುದೂ ಹೆಚ್ಚಾಗಿ ಇಲ್ಲೇ.

ಪ್ರಶ್ನೆ: ಗೆಲ್ಲಲು ಎಷ್ಟು ಓಟು ಬೇಕು? ಎಷ್ಟು ಮನೆ ತಿರುಗಬೇಕು?
(ಅಭ್ಯರ್ಥಿಯ ಗೆಳೆಯರ ಬಳಗ)

ಉತ್ತರ: ಇದನ್ನು ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದು. ಉದಾಹರಣೆಗೆ ನಿಮ್ಮ ಏರಿಯಾದಲ್ಲಿ 12,000 ಮತದಾರರು ಎಂದುಕೊಳ್ಳಿ. ಶೇ. 55 ಮತದಾನವಾದರೆ 6,600 ಮತಪತ್ರ. ಸ್ಕೂಲ್ ಬೋರ್ಡ್ ಮತಪತ್ರದ ತುದಿಯಲ್ಲೆಲ್ಲೋ ಇರುವುದರಿಂದ ಬಹಳ ಜನ ಅಲ್ಲಿಗೆ ಬರುವಷ್ಟರಲ್ಲಿ ಖಾಲಿ ಬಿಡುತ್ತಾರೆ. ಐದರಲ್ಲೊಂದು ಕಳೆದರೆ ಉಳಿದದ್ದು 5,280. ಮೂವರು ಕಣದಲ್ಲಿದ್ದರೆ ಶೇ. 45ರ ಗುರಿ ಇಟ್ಟುಕೊಳ್ಳಿ, ಸುಮಾರು 2,400 ಓಟು. ನಿಮ್ಮ ಏರಿಯಾದ ಹಿಂದಿನ ಎರಡು ಚುನಾವಣೆಗಳ ಅಂಕಿ ಕೌಂಟಿಯ ಫಲಿತಾಂಶದ ಪುಟದಲ್ಲಿದೆ, ಅದನ್ನಿಟ್ಟು ಲೆಕ್ಕ ಹಾಕಿ.

ಮತದಾರರ ಪಟ್ಟಿಯನ್ನು ಚುನಾವಣೆಯ ಕೆಲಸಕ್ಕೆಂದು ಅರ್ಜಿ ಕೊಟ್ಟು ಕೌಂಟಿಯಿಂದ ಕೊಳ್ಳಬಹುದು. ಯಾರು ಯಾವ ಚುನಾವಣೆಯಲ್ಲಿ ಮತ ಹಾಕಿದ್ದರು ಎಂಬುದು ಅದರಲ್ಲಿರುತ್ತದೆ, ಯಾರಿಗೆ ಹಾಕಿದರೆಂಬುದಲ್ಲ. ತಪ್ಪದೆ ಮತ ಹಾಕುವವರ 3,000 ಮನೆಗಳನ್ನು ಆರಿಸಿ. ಗಂಟೆಗೆ 15ರಿಂದ 20 ಬಾಗಿಲು ತಟ್ಟಬಹುದು, ಎರಡೂವರೆ ಗಂಟೆಯ ಒಂದು ಸುತ್ತಿಗೆ 40 ಎಂದಿಟ್ಟುಕೊಂಡರೆ 75 ಸುತ್ತು. ಇಬ್ಬರು ವಾರಕ್ಕೆ ತಲಾ ನಾಲ್ಕು ಸುತ್ತಿನಂತೆ ಹೋದರೆ 10 ವಾರದಲ್ಲಿ ಮುಗಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬಾಗಿಲು ತೆರೆಯುವುದಿಲ್ಲ, ಅದಕ್ಕೆ ಕುಗ್ಗಬೇಡಿ. ಅಲ್ಲಿ ಕೈಬರಹದ ಎರಡು ಸಾಲಿನ ಚೀಟಿ ಸಿಕ್ಕಿಸಿ ಬನ್ನಿ, ಆದರೆ ಅಂಚೆ ಡಬ್ಬಿಯೊಳಗೆ ಅಲ್ಲ. ಸ್ಟಾಂಪ್ ಇಲ್ಲದ ಕಾಗದವನ್ನು ಮನೆಯ ಅಂಚೆ ಡಬ್ಬಿಗೆ ಹಾಕುವುದು ಇಡೀ ದೇಶದಲ್ಲಿ ನಿಷಿದ್ಧ.

ಬಾಗಿಲಲ್ಲಿ ಕರೆಗಂಟೆ ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಹೆಸರು, ಓದಿದ ಶಾಲೆ, ಯಾವ ಸೀಟು, ಇಷ್ಟನ್ನು 20 ಸೆಕೆಂಡಿನಲ್ಲಿ ಹೇಳಿ ‘ಇಲ್ಲಿನ ಶಾಲೆಗಳಲ್ಲಿ ನಿಮಗೆ ಬದಲಾಗಬೇಕು ಅನ್ನಿಸುವುದು ಏನು?’ ಎಂದು ಕೇಳಿ ಸುಮ್ಮನಾಗಿ. ಅವರು ಹೇಳಿದ್ದನ್ನು ಅವರ ಎದುರಿಗೇ ಬರೆದುಕೊಳ್ಳಿ. ಗೇಟು ದಾಟಿದ ಮೇಲೆ ಬೆಂಬಲಕ್ಕೆ 1ರಿಂದ 5ರ ಅಂಕಿ ಹಾಕಿ. 1 ಎಂದರೆ ಖಚಿತ, 5 ಎಂದರೆ ಎದುರು. ಭಾರತೀಯ ಹೆಸರಿರುವ ಮನೆಗಳಿಗಷ್ಟೇ ಹೋಗುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಆ ಮನೆಗಳಲ್ಲಿ ಎಷ್ಟೋ ಜನರಿಗೆ ಇನ್ನೂ ಮತವೇ ಇರುವುದಿಲ್ಲ, ಮಕ್ಕಳು ಓದಿ ಹೋದ ಹಿರಿಯರ ಮನೆಗಳೇ ತಪ್ಪದೆ ಮತ ಹಾಕುವುದು.

ಒಂದು ತಾರೀಖನ್ನು ಗೋಡೆಗೆ ಅಂಟಿಸಿ: ಅಕ್ಟೋಬರ್ 5. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಮತದಾರರಿಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ, ಚುನಾವಣೆಗೆ 29 ದಿನ ಮುಂಚೆ ಹೊರಡುತ್ತದೆ. ನವೆಂಬರ್ 3ನ್ನೇ ನಂಬಿ ಕೊನೆಯ ವಾರಕ್ಕೆ ಶಕ್ತಿಯೆಲ್ಲ ಉಳಿಸಿಕೊಂಡವರು ಅಷ್ಟರಲ್ಲಿ ಎಷ್ಟೋ ಓಟು ಕಳೆದುಕೊಂಡಿರುತ್ತಾರೆ. ಗೆಳೆಯರಿಗೂ ಹೇಳಿ: ಲಕೋಟೆಯ ಮೇಲಿನ ಸಹಿ ಡ್ರೈವಿಂಗ್ ಲೈಸೆನ್ಸ್‌ನ ಸಹಿಗೆ ಹೋಲಬೇಕು. 16ರಲ್ಲಿ ಹಾಕಿದ ಸಹಿ 20ರಲ್ಲಿ ಬದಲಾಗಿರುತ್ತದೆ. ಕೌಂಟಿಯಿಂದ ನೋಟಿಸ್ ಬಂದರೆ ಸುಮ್ಮನಿರದೆ ಮತ್ತೆ ಸಹಿ ಮಾಡಿ ಕಳಿಸಬೇಕು, ಇಲ್ಲವಾದರೆ ಆ ಓಟು ಎಣಿಕೆಗೇ ಬರುವುದಿಲ್ಲ.

ಪ್ರಶ್ನೆ: ‘ಮಕ್ಕಳಿಲ್ಲ, ತೆರಿಗೆ ಕಟ್ಟಿಲ್ಲ, ನಿನಗೇನು ಗೊತ್ತು?’ ಎಂದು ಸಂವಾದದಲ್ಲಿ ಕೇಳಿದರೆ?
(ಅಭ್ಯರ್ಥಿ, 19 ವರ್ಷ)

ಉತ್ತರ: ಕೇಳಿಯೇ ಕೇಳುತ್ತಾರೆ. ಯುವಜನರ ಧ್ವನಿ ಬೇಕು ಎಂಬ ಉತ್ತರ ಯಾರಿಗೂ ನಾಟುವುದಿಲ್ಲ. ಅದನ್ನು ಬದಿಗಿಟ್ಟು ಬಜೆಟ್ ಓದಿ. ಬಜೆಟ್‌ಗೆ, ಮತ್ತು ಮಕ್ಕಳ ಕಲಿಕೆಯ ಗುರಿಗಳಿಗೆ ಹಣ ಹೇಗೆ ಬಳಸುತ್ತಾರೆಂದು ತಿಳಿಸುವ ಎಲ್‌ಸಿಎಪಿ ಎಂಬ ಯೋಜನೆಗೆ ಬೋರ್ಡ್ ಜುಲೈ 1ರೊಳಗೆ ಒಪ್ಪಿಗೆ ಕೊಡುತ್ತದೆ. ಡಿಸೆಂಬರ್ 15 ಮತ್ತು ಮಾರ್ಚ್ 17ರೊಳಗೆ ಎರಡು ಮಧ್ಯಂತರ ವರದಿಗಳು. ಎಲ್ಲವೂ ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಸಿಗುತ್ತವೆ. ಮಧ್ಯಂತರ ವರದಿಯಲ್ಲಿ ಮೂರರಲ್ಲಿ ಒಂದು ಷರಾ ಇರುತ್ತದೆ: ಪಾಸಿಟಿವ್, ಕ್ವಾಲಿಫೈಡ್, ನೆಗೆಟಿವ್. ಕ್ವಾಲಿಫೈಡ್ ಎಂದರೆ ಈ ವರ್ಷ ಅಥವಾ ಮುಂದಿನ ಎರಡು ವರ್ಷದಲ್ಲಿ ಹಣ ಸಾಲದೆ ಹೋಗಬಹುದು ಎಂಬ ಎಚ್ಚರಿಕೆ. ನಿಮ್ಮ ಡಿಸ್ಟ್ರಿಕ್ಟ್‌ನ ಷರಾ ಯಾವುದು, ಯಾಕೆ ಎಂಬುದು ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು.

ಇನ್ನೊಂದು ಸೂತ್ರ ಅರ್ಥವಾದರೆ ಅರ್ಧ ಬಜೆಟ್ ಅರ್ಥವಾದಂತೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಹಣ ಬರುವುದು ದಾಖಲಾದ ಮಕ್ಕಳ ಲೆಕ್ಕದಲ್ಲಲ್ಲ, ದಿನನಿತ್ಯದ ಹಾಜರಾತಿಯ ಸರಾಸರಿಯ ಮೇಲೆ. ಜ್ವರ ಬಂದು ಮನೆಯಲ್ಲಿದ್ದ ದಿನವೂ ಗೈರುಹಾಜರಿಯೇ. ಈ ವರ್ಷದ್ದು, ಹಿಂದಿನ ವರ್ಷದ್ದು, ಹಿಂದಿನ ಮೂರು ವರ್ಷಗಳ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಹಾಗಾಗಿ ಮಕ್ಕಳ ಸಂಖ್ಯೆ ಇಳಿದ ಪೆಟ್ಟು ತಡವಾಗಿ ಬೀಳುತ್ತದೆ. ತರಗತಿಗಳು ಖಾಲಿಯಾಗುತ್ತಿದ್ದರೂ ಎರಡು ವರ್ಷ ಖಜಾನೆ ತುಂಬಿದಂತೆ ಕಾಣುತ್ತದೆ. ಸ್ಥಳೀಯ ಆಸ್ತಿ ತೆರಿಗೆಯೇ ಸೂತ್ರದ ಮೊತ್ತ ಮೀರುವ ಪಾಲೊ ಆಲ್ಟೊದಂಥ ಡಿಸ್ಟ್ರಿಕ್ಟ್‌ಗಳ ಲೆಕ್ಕ ಬೇರೆ, ನಿಮ್ಮದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ. ಖರ್ಚಿನ ಸಿಂಹಪಾಲು ಸಂಬಳ ಸವಲತ್ತಿಗೇ ಹೋಗುವುದರಿಂದ, ಮುಂದಿನ ವರ್ಷಕ್ಕೆ ಕೆಲಸ ಕಡಿತವಾಗಬಹುದಾದ ಶಿಕ್ಷಕರಿಗೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕೆಂಬ ನಿಯಮವೂ ಗೊತ್ತಿರಲಿ. ಇಷ್ಟನ್ನು ಎರಡು ನಿಮಿಷದಲ್ಲಿ ಕಾಗದ ನೋಡದೆ ಹೇಳಿದರೆ ಆ ಸಂಜೆ ನಿಮ್ಮ ವಯಸ್ಸನ್ನು ಇನ್ನೊಬ್ಬರು ಕೇಳುವುದಿಲ್ಲ. ಸ್ಪರ್ಧೆಗೆ ಮುಂಚೆ ಕನಿಷ್ಠ ಆರು ಬೋರ್ಡ್ ಸಭೆಗಳಲ್ಲಿ ಕೊನೆಯವರೆಗೆ ಕೂತಿರಿ.

ಪ್ರಶ್ನೆ: ಮಗನಿಗೆ 16, ಈಗಲೇ ಉತ್ಸಾಹ. ದಾರಿ ಇದೆಯೇ?
(ಒಬ್ಬ ತಂದೆ, ಬರ್ಕ್ಲಿ)

ಉತ್ತರ: ನಿಮ್ಮ ಊರಿನಲ್ಲಿ ಅವನು ಈಗಲೇ ಮತ ಹಾಕಬಹುದು. ಬರ್ಕ್ಲಿಯಲ್ಲೂ ಓಕ್ಲಂಡ್‌ನಲ್ಲೂ 16 ತುಂಬಿದ ಪ್ರಜೆಗಳು ಸ್ಕೂಲ್ ಬೋರ್ಡ್‌ಗೆ 2024ರಿಂದ ಮತ ಹಾಕುತ್ತಿದ್ದಾರೆ. ಬೋರ್ಡ್‌ನ ವಿದ್ಯಾರ್ಥಿ ಸದಸ್ಯನಾಗಲೂ ಪ್ರಯತ್ನಿಸಲಿ. ಅವನ ಮತ ಮೊದಲು ದಾಖಲಾಗುತ್ತದೆ, ಎಣಿಕೆಗೆ ಬರುವುದಿಲ್ಲ, ಗುಪ್ತ ಸಭೆಗೆ ಪ್ರವೇಶವಿಲ್ಲ. ಆದರೂ ಕಡತ ಓದುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ರಶ್ನೆ: ಫಲಿತಾಂಶ ಬಂದ ಮೇಲೆ ತಕ್ಷಣ ಮಾಡಬೇಕಾದದ್ದು ಏನು?
(ಓದುಗರು, ಸ್ಯಾನ್ ರಮೋನ್)

ಉತ್ತರ: ಗೆದ್ದವರು ಡಿಸೆಂಬರ್‌ನ ಎರಡನೇ ಶುಕ್ರವಾರ ಅಧಿಕಾರಕ್ಕೆ ಬರುತ್ತಾರೆ. ಆದರೆ ಬ್ರೌನ್ ಆ್ಯಕ್ಟ್ ಎಂಬ ಬಹಿರಂಗ ಸಭೆಯ ಕಾನೂನು ಪ್ರಮಾಣವಚನಕ್ಕೆ ಮೊದಲೇ ಅವರನ್ನು ಹಿಡಿಯುತ್ತದೆ. ಐವರ ಬೋರ್ಡ್‌ನಲ್ಲಿ ಮೂವರು ಸಭೆಯ ಹೊರಗೆ ಬೋರ್ಡ್‌ನ ವಿಷಯ ಚರ್ಚಿಸುವಂತಿಲ್ಲ. ಒಬ್ಬರಿಗೆ ಮೆಸೇಜ್ ಮಾಡಿ, ಅವರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿದರೂ ಮೂವರಾದರು. ಬೋರ್ಡ್‌ನ ವಿಷಯದಲ್ಲಿ ಇನ್ನೊಬ್ಬ ಸದಸ್ಯರು ಹಾಕಿದ ಪೋಸ್ಟ್‌ಗೆ ಲೈಕ್ ಒತ್ತುವುದೂ ನಿಷಿದ್ಧ, ಹೊಸ ತಲೆಮಾರಿನವರ ಬೆರಳಿಗೆ ಇದು ಕಷ್ಟದ ಪಥ್ಯ. ಡಿಸ್ಟ್ರಿಕ್ಟ್‌ನಲ್ಲೇ ನೌಕರಿ ಇದ್ದರೆ, ಬದಲಿ ಶಿಕ್ಷಕರಾಗಿದ್ದರೂ, ಪ್ರಮಾಣವಚನಕ್ಕೆ ಮುಂಚೆ ರಾಜೀನಾಮೆ ಕೊಡಬೇಕು. ಅಧಿಕಾರ ವಹಿಸಿ 30 ದಿನದೊಳಗೆ ಮತ್ತೊಮ್ಮೆ ಫಾರ್ಮ್ 700.

ಸೋತವರು ಸಾಲ ತೀರಿಸಿ, ಖಾತೆ ಬರಿದು ಮಾಡಿ, ಕೊನೆಯ ಫಾರ್ಮ್ 460ರ ಜೊತೆಗೆ ಫಾರ್ಮ್ 410ರಲ್ಲಿ ಸಮಿತಿ ಮುಚ್ಚಿದ್ದೇವೆಂದು ಗುರುತು ಹಾಕಿ ಕಳಿಸಬೇಕು. ಡಿಸೆಂಬರ್ 31ರೊಳಗೆ ಮುಗಿಸಿದರೆ ಮುಂದಿನ ವರ್ಷದ 50 ಡಾಲರ್ ಉಳಿಯುತ್ತದೆ. ಮನೆಮನೆಯಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಎಸೆಯಬೇಡಿ. ಎಲ್‌ಸಿಎಪಿಯ ಪೋಷಕ ಸಲಹಾ ಸಮಿತಿ, ಬಾಂಡ್ ಹಣದ ಮೇಲ್ವಿಚಾರಣಾ ಸಮಿತಿಗಳಿಗೆ ಡಿಸ್ಟ್ರಿಕ್ಟ್‌ನವರು ಜನ ಹುಡುಕುತ್ತಿರುತ್ತಾರೆ. ಬಾಂಡ್ ಸಮಿತಿಗೆ ಮಕ್ಕಳಿರಬೇಕೆಂಬ ಷರತ್ತು ಎಲ್ಲ ಸ್ಥಾನಕ್ಕೂ ಇಲ್ಲ, ಸಮುದಾಯದ ಪ್ರತಿನಿಧಿಯಾಗಿ 19ರವರೂ ಅರ್ಜಿ ಹಾಕಬಹುದು.